ಮೊದಲು ಫ್ಯಾನಿನ ವೇಗ ನೋಡಿ
ದೊಡ್ಡ ಕಟ್ಟಡಗಳ ಇಂಗಾಲದ ಹೊರಸೂಸುವಿಕೆ ತಗ್ಗಿಸಲು ಛಾವಣಿಗೆ ಸೌರಫಲಕ ಹಾಕಿ ಎನ್ನುವವರಿದ್ದಾರೆ. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ 30 ಮಹಡಿಗೂ ಸೇರಿ ಛಾವಣಿ ಒಂದೇ ತಾನೆ! ಅದಕ್ಕಿಂತ ಮೊದಲು ನೋಡಬೇಕಾದ್ದು ಎ.ಸಿ. ವ್ಯವಸ್ಥೆಯಲ್ಲಿ ಗಾಳಿ ತಳ್ಳುವ ದೊಡ್ಡ ಫ್ಯಾನುಗಳನ್ನು. ಫ್ಯಾನಿಗೆ ಬೇಕಾಗುವ ವಿದ್ಯುತ್ತು ಅದರ ವೇಗದ ಘನಕ್ಕೆ ಅನುಗುಣ, ವೇಗವನ್ನು ಶೇ. 20ರಷ್ಟು ಇಳಿಸಿದರೆ ಬಳಕೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಫ್ಯಾನಿನ ವೇಗವನ್ನು ಬೇಕಾದಂತೆ ಬದಲಿಸುವ ಸಾಧನ (ಡ್ರೈವ್) ಎಷ್ಟೋ ಕಡೆ ಆಗಲೇ ಇರುತ್ತದೆ. ಯಾವತ್ತೋ ಸೆಕೆ ಅಂತ ದೂರು ಬಂದ ದಿನ ಅದನ್ನು ಮ್ಯಾನುಯಲ್‌ಗೆ ಹಾಕಿ ಶೇ. 100ರ ವೇಗಕ್ಕೆ ನಿಲ್ಲಿಸಿದ್ದು, ಹಾಗೇ ಓಡುತ್ತಿರುತ್ತದೆ, ಕೇಳುವವರಿಲ್ಲ. ಒಳಗಿರುವ ಜನರಿಗೆ ತಕ್ಕಂತೆ ಹೊರಗಾಳಿ ನಿಯಂತ್ರಿಸುವ ಸೆನ್ಸರ್ ಕೆಟ್ಟರೂ ಇದೇ ಕಥೆ, ಖಾಲಿ ಸಭಾಂಗಣಕ್ಕೂ ತಂಪುಗಾಳಿ. ರಾತ್ರಿ 2 ಗಂಟೆಗೆ ಎಷ್ಟು ವಿದ್ಯುತ್ತು ಬಳಕೆಯಾಗುತ್ತಿದೆ ಅಂತ ಮೀಟರ್‌ನಲ್ಲಿ ನೋಡಿ. ಕಚೇರಿ ಕಟ್ಟಡದಲ್ಲಿ ಅದು ಹಗಲಿನ ಅರ್ಧದಷ್ಟಿದ್ದರೆ, ಯಾರ ಸಲುವಾಗಿ ಅಷ್ಟೆಲ್ಲ ಓಡುತ್ತಿದೆ ಅಂತ ವಿಚಾರಿಸಿ.