ಗುಂಡಗಿದ್ದ ಮಾತ್ರಕ್ಕೆ ಮೊಟ್ಟೆಯೇ?

ಪಳೆಯುಳಿಕೆಗಳನ್ನು, ಅಂದರೆ ಕಲ್ಲಿನಲ್ಲಿ ಉಳಿದ ಪ್ರಾಚೀನ ಜೀವಿಗಳ ಕುರುಹುಗಳನ್ನು, ಗುರುತಿಸುವ ಬಗೆಗಿನ ಲೇಖನವೊಂದರಲ್ಲಿ ನುಣುಪಾದ ಗುಂಡು ಕಲ್ಲು ಸಿಕ್ಕರೆ ಡೈನೋಸಾರ್ ಮೊಟ್ಟೆ ಇರಬಹುದು ಎಂದಿದೆ. ದಯವಿಟ್ಟು ಈ ಆಸೆಗೆ ನೀರೆರೆಯಬೇಡಿ. ಅಂಥವುಗಳಲ್ಲಿ ಬಹುಪಾಲು ಮರಳು, ಕೆಸರಿನ ಕಣಗಳು ಖನಿಜದ ಅಂಟಿನಿಂದ ಗಟ್ಟಿಯಾದ ಉಂಡೆಗಳು. ಮೊಟ್ಟೆಯಾಗಿದ್ದರೆ ತೆಳುವಾದ ಚಿಪ್ಪಿನ ಪದರ ಎಲ್ಲಾದರೂ ಉಳಿದಿರಬೇಕು, ಭೂತಗನ್ನಡಿಯಲ್ಲಿ ಅದರ ಸೂಕ್ಷ್ಮ ರಂಧ್ರಗಳೋ ಉಬ್ಬುಗಳೋ ಕಾಣಬೇಕು. ಬರೀ ಆಕಾರ ನಂಬಿದವರು ಮೋಸಹೋಗುವುದೇ ಹೆಚ್ಚು.

ಕಲ್ಲಿನ ಮೇಲೆ ಜರೀಗಿಡದಂತೆ ಹರಡಿ, ಸಸ್ಯದ ಪಳೆಯುಳಿಕೆ ಎನಿಸುವ ಕಪ್ಪು ಗೆರೆಗಳ ಕಥೆಯೂ ಅಷ್ಟೇ. ಸಾಮಾನ್ಯವಾಗಿ ಬಿರುಕಿಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಎಂಬ ಕಪ್ಪು ಖನಿಜ ಅದು. ನಿಜವಾದ ಜರೀಗಿಡದ ಗರಿಗೆ ನಡುದಂಟಿರುತ್ತದೆ, ಅದರ ಎರಡೂ ಬದಿಗೆ ಕ್ರಮವಾಗಿ ಕಿರುಎಲೆಗಳಿರುತ್ತವೆ. ಖನಿಜದ ಈ ಗೆರೆಗಳು ಮನಬಂದಂತೆ ಕವಲೊಡೆಯುತ್ತವೆ.

ಮೂಳೆಯ ಅನುಮಾನವಿದ್ದರೆ ಒಡೆದ ಅಂಚನ್ನು ನೋಡಿ: ಹೊರಗೆ ದಟ್ಟ ಪದರ, ಒಳಗೆ ಸ್ಪಂಜಿನಂಥ ಜಾಲರಿ. ನಾಲಿಗೆಗೆ ಅಂಟಿದರೆ ಮೂಳೆ ಎನ್ನುವ ಹಳೆಯ ಉಪಾಯವನ್ನು ನೆಚ್ಚಬೇಡಿ, ಒಣ ಜೇಡಿಯೂ ಅಂಟುತ್ತದೆ. (ಸಿಕ್ಕಿದ್ದನ್ನೆಲ್ಲ ನೆಕ್ಕುವುದೂ ಒಳ್ಳೆಯದಲ್ಲ!)

ಲೇಖನ ಮರೆತದ್ದು ಒಂದೇ, ಕಲ್ಲು ಸಿಕ್ಕಿದ ಜಾಗ. ಗ್ರಾನೈಟ್ ಬಂಡೆಯೊಳಗೆ ಪಳೆಯುಳಿಕೆ ಇರುವುದಿಲ್ಲ. ಮರಳುಗಲ್ಲು, ಸುಣ್ಣಕಲ್ಲು, ಪದರುಗಲ್ಲಾದರೆ ಹುಡುಕಲು ಅರ್ಥವಿದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆದು ಭೂವಿಜ್ಞಾನ ಬಲ್ಲವರಿಗೆ ತೋರಿಸಿ. ಸುತ್ತಿಗೆ ಮಾತ್ರ ಎತ್ತಬೇಡಿ.