ಸಂಬಳದ ಲೆಕ್ಕ ಯಾರ ಕೈಯಲ್ಲಿರಬೇಕು?

ಬೆಳೆಯುತ್ತಿರುವ ಸಣ್ಣ ಉದ್ದಿಮೆ ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಕೆಲಸವನ್ನು ಹೊರಗಿನ ಕನ್ಸಲ್ಟೆಂಟ್‌ಗೆ ವಹಿಸಬೇಕೇ? ಬೆಂಗಳೂರಿನ ಇಬ್ಬರು ಇಲ್ಲಿ ಎದುರುಬದುರಾಗಿದ್ದಾರೆ. ಒಬ್ಬರು ಯಂತ್ರದ ಬಿಡಿಭಾಗ ತಯಾರಿಸುವ ಘಟಕದ ಮಾಲೀಕರು, ಇನ್ನೊಬ್ಬರು ಗಾರ್ಮೆಂಟ್ಸ್ ಘಟಕದಲ್ಲಿ ಲೆಕ್ಕ ನೋಡುವವರು.

ಪರ: ಬಲ್ಲವರಿಗೆ ಒಪ್ಪಿಸಿ

ಪೀಣ್ಯದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಐದಾರು ಜನರನ್ನು ಇಟ್ಟುಕೊಂಡು ಶುರುವಾಗುವ ವರ್ಕ್‌ಷಾಪ್‌ಗೆ ಒಂದು ನೋಟ್‌ಬುಕ್ ಸಾಕು. ಹಾಜರಿ ಎಣಿಸಬೇಕು, ಅಡ್ವಾನ್ಸ್ ಕಳೆಯಬೇಕು, ಉಳಿದದ್ದನ್ನು ಕೊಡಬೇಕು, ಅಷ್ಟೇ. ಹತ್ತು ಜನರಾದಾಗ ಇಎಸ್‌ಐ ಬರುತ್ತದೆ, ಇಪ್ಪತ್ತು ಜನರಾದಾಗ ಪಿಎಫ್. ಆಮೇಲೆ ಆರ್ಡರ್ ಕಡಿಮೆಯಾಗಿ ಜನ ಹನ್ನೆರಡಕ್ಕೆ ಇಳಿದರೂ ಬಂದ ಪಿಎಫ್ ಹಿಂದಿರುಗುವುದಿಲ್ಲ.

ತಿಂಗಳ ಮೊದಲ ಇಪ್ಪತ್ತು ದಿನಗಳನ್ನು ನೋಡಿ. 7ರೊಳಗೆ ಸಂಬಳ ಆಗಬೇಕು, ಸಂಬಳದಿಂದ ಹಿಡಿದ ಆದಾಯ ತೆರಿಗೆ (ಟಿಡಿಎಸ್) ಕೂಡ ಆ ಹೊತ್ತಿಗೆ ಕಟ್ಟಿರಬೇಕು. 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ವೃತ್ತಿ ತೆರಿಗೆ. ಪಿಎಫ್ ತಡವಾದರೆ ವರ್ಷಕ್ಕೆ ಶೇ 12ರ ಬಡ್ಡಿ, ಅದರ ಮೇಲೆ ದಂಡ. ಇದೇ ದಿನಗಳಲ್ಲಿ ಮಾಲೀಕ ಬಾಕಿ ವಸೂಲಿಗೆ ಗಿರಾಕಿಗಳ ಬಾಗಿಲು ಬಡಿಯುತ್ತಿರುತ್ತಾನೆ, ಜಿಎಸ್‌ಟಿ ಲೆಕ್ಕವೂ ಮೇಜಿನ ಮೇಲಿರುತ್ತದೆ. ರಾತ್ರಿ ಯಂತ್ರಗಳು ನಿಂತ ಮೇಲೆ ಕುಳಿತು ಚಲನ್ ತಯಾರಿಸುವ ಮಾಲೀಕರನ್ನು ನಾನು ಬಲ್ಲೆ. ಅವರ ಶ್ರಮಕ್ಕೆ ಗೌರವವಿದೆ. ಆದರೆ ಆ ಹೊತ್ತು ಹೊಸ ಕೊಟೇಶನ್‌ಗೆ ಸಲ್ಲಬೇಕಾದದ್ದು.

ನಿಯಮಗಳು ಊಹೆಗೆ ಸಿಗುವಂಥವೂ ಅಲ್ಲ. ಹದಿನೈದು ಸಾವಿರ ವೇತನದವನ ಪಿಎಫ್‌ಗೆ ಮಾಲೀಕ ಕೊಡುವ 1,800 ರೂಪಾಯಿಯಲ್ಲಿ 1,250 ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ 550 ಮಾತ್ರ ಭವಿಷ್ಯ ನಿಧಿಗೆ. ಇಎಸ್‌ಐ ಅನ್ವಯಿಸುವ ತಿಂಗಳ ಸಂಬಳದ ಮಿತಿ 21,000 ರೂಪಾಯಿ. ಜೂನ್‌ನಲ್ಲಿ ಒಬ್ಬನ ಸಂಬಳವನ್ನು 21,500ಕ್ಕೆ ಏರಿಸಿದರೆ ಮರುತಿಂಗಳೇ ಕಡಿತ ನಿಲ್ಲಿಸುವಂತಿಲ್ಲ; ಆರು ತಿಂಗಳ ವಂತಿಗೆ ಅವಧಿ ಮುಗಿಯುವ ಸೆಪ್ಟೆಂಬರ್ ಕೊನೆಯವರೆಗೆ ಶೇ 0.75 ಅವನದು, ಶೇ 3.25 ನಮ್ಮದು ಕಟ್ಟುತ್ತಲೇ ಇರಬೇಕು. ಕರ್ನಾಟಕದ ವೃತ್ತಿ ತೆರಿಗೆ 25,000 ಮತ್ತು ಅದಕ್ಕೆ ಮೇಲ್ಪಟ್ಟ ಸಂಬಳಕ್ಕೆ ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ ಮಾತ್ರ 300. ಏಪ್ರಿಲ್ ಬಂತೆಂದರೆ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು: ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು, ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ದಿನವಿಡೀ ಇದನ್ನೇ ಮಾಡುವವರಿಗೆ ಇವೆಲ್ಲ ಬಾಯಿಪಾಠ. ನಮಗೆ ಪ್ರತಿ ಸಲವೂ ಹೊಸ ಪಾಠ.

ಒಳಗಿನ ಒಬ್ಬನನ್ನೇ ನೆಚ್ಚಿಕೊಂಡರೆ ಇನ್ನೊಂದು ತೊಂದರೆ. ಅವನು 14ನೇ ತಾರೀಖು ಊರಿನ ಮದುವೆಗೆ ಹೋದರೆ ಅಥವಾ ಕೆಲಸವನ್ನೇ ಬಿಟ್ಟರೆ ಎಲ್ಲವೂ ನಿಲ್ಲುತ್ತದೆ. ಯಾರಿಗೆ ಎಷ್ಟು ಸಂಬಳ ಎಂಬ ಮಾತು ಊಟದ ಹೊತ್ತಿಗೆ ಹರಡದಿರಲಿ ಎಂಬುದೂ ನನ್ನ ಕಾಳಜಿ. ಇಪ್ಪತ್ತು ಜನರ ಜಾಗದಲ್ಲಿ ಅಂಥ ಮಾತು ಮನಸ್ಸುಗಳನ್ನು ಕೆಡಿಸುತ್ತದೆ.

ವಿರೋಧ: ಹಾಜರಿ ಬಲ್ಲವರೇ ಲೆಕ್ಕ ಹಾಕಲಿ

ನಿಯಮ ಕಠಿಣ ಎಂಬುದನ್ನು ಒಪ್ಪುತ್ತೇನೆ. ಆದರೆ ನಾನು ಕಂಡಂತೆ ಸಂಬಳದ ಲೆಕ್ಕ ಹೆಚ್ಚಾಗಿ ತಪ್ಪುವುದು ನಿಯಮ ತಿಳಿಯದೆ ಅಲ್ಲ, ಹಾಜರಿ ಸರಿಯಾಗಿ ತಲುಪದೆ.

ಹೊರಗೆ ವಹಿಸಿದ ಕಡೆ ತಿಂಗಳ ಕೊನೆಗೆ ನಡೆಯುವುದು ಇಷ್ಟು: ಸೂಪರ್‌ವೈಸರ್ ಹಾಜರಿ ಪುಸ್ತಕದ ಹಾಳೆಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾನೆ. ಆ ಕಚೇರಿಯಲ್ಲಿ ಹತ್ತಾರು ಕಂಪನಿಗಳ ಹಾಳೆ ಒಟ್ಟಿಗೆ ಬಂದು ಬಿದ್ದಿರುತ್ತವೆ. ಕರೆಂಟ್ ಇಲ್ಲದ ಶನಿವಾರಕ್ಕೆ ಬದಲಾಗಿ ಭಾನುವಾರ ದುಡಿದದ್ದು, ಮಗುವಿಗೆ ಜ್ವರವೆಂದು ಮಧ್ಯಾಹ್ನ ಹೊರಟವಳ ಅರ್ಧ ದಿನ, ಗೌರಿ ಹಬ್ಬಕ್ಕೆ ಕೊಟ್ಟ ಅಡ್ವಾನ್ಸನ್ನು ಮೂರು ಕಂತಿನಲ್ಲಿ ಹಿಡಿಯೋಣ ಎಂದು ಆದ ಮಾತು, ಇವು ಫೋಟೋದಲ್ಲಿ ಕಾಣುವುದಿಲ್ಲ.

ಕೈಗೆ ಬಂದ ಸಂಬಳ ಕಡಿಮೆಯಾದರೆ ದುಡಿದವಳೇ ಬಂದು ಕೇಳುತ್ತಾಳೆ, ಸರಿಪಡಿಸಬಹುದು. ಇಎಸ್‌ಐ ವಿವರದಲ್ಲಿ ಸೇರುವ ದಿನಗಳ ಸಂಖ್ಯೆ ಹಾಗಲ್ಲ, ಅದನ್ನು ಅವಳು ನೋಡುವುದೇ ಇಲ್ಲ. ಕಾಯಿಲೆ ಬಿದ್ದಾಗ ಸಂಬಳದ ಶೇ 70ರಷ್ಟು ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ದಾಖಲಾಗಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ದುಡಿಮೆಗೆ ಸೌಲಭ್ಯ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಂದರೆ ಜೂನ್‌ನಲ್ಲಿ ಯಾರೋ 26ರ ಬದಲು 16 ಎಂದು ಒತ್ತಿದ ತಪ್ಪು ಹೊರಬೀಳುವುದು ಫೆಬ್ರುವರಿಯಲ್ಲಿ, ಅವಳು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಯಲ್ಲಿ ಮಲಗಿರುವಾಗ. ಎಂಟು ತಿಂಗಳ ಹಿಂದಿನ ಹಾಳೆಯನ್ನು ಆಗ ಯಾರು ಹುಡುಕುತ್ತಾರೆ? ಆರು ತಿಂಗಳು ಬಿಡದೆ ಬಂದವಳಿಗೆ ಇದು ತೊಂದರೆ ಕೊಡದಿರಬಹುದು. ಬಾಣಂತನ ಮುಗಿಸಿ ಅವಧಿಯ ನಡುವೆ ಮರಳಿದವಳಿಗೆ ಹತ್ತು ದಿನ ದೊಡ್ಡದು.

ಹೆಸರಿನ ಕಷ್ಟ ನಮ್ಮ ಕಡೆಯದೇ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಬುಕ್‌ನಲ್ಲಿ ಮುಂದೆ, ಪಾನ್ ಕಾರ್ಡ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಕೆಲಸಕ್ಕೆ ಸೇರಿದ ದಿನವೇ ಎದುರು ಕೂರಿಸಿಕೊಂಡು ಮೂರನ್ನೂ ಹೋಲಿಸದಿದ್ದರೆ, ಮಗಳ ಮದುವೆಗೆ ಪಿಎಫ್ ತೆಗೆಯಲು ಹೊರಟಾಗ ಅರ್ಜಿ ತಿರಸ್ಕೃತವಾಗುತ್ತದೆ. ತಲೆಗಿಷ್ಟು ಎಂದು ಶುಲ್ಕ ಪಡೆಯುವವರಿಗೆ ಹೀಗೆ ಕೂರಲು ಬಿಡುವೆಲ್ಲಿ?

ಹೊಣೆಯಂತೂ ಮಾಲೀಕನದೇ. ನೌಕರರ ಸಂಬಳದಿಂದ ಹಿಡಿದ ಪಿಎಫ್ ಹಣವನ್ನು ಕಟ್ಟದಿದ್ದರೆ ಕಾನೂನು ಅದನ್ನು ಅಪರಾಧಿಕ ನಂಬಿಕೆ ದ್ರೋಹವೆಂದು ಎಣಿಸುತ್ತದೆ. ಕನ್ಸಲ್ಟೆಂಟ್‌ಗೆ ಹಣ ಕೊಟ್ಟಿದ್ದೆ ಎಂದರೆ ಹೊಣೆ ಕಳಚುವುದಿಲ್ಲ.

ರಜೆಯಲ್ಲಿ ಹೋದವನ ಪ್ರಶ್ನೆ ನಿಜವಾದದ್ದೇ. ಅದಕ್ಕೆ ಇನ್ನೊಬ್ಬರಿಗೂ ಕೆಲಸ ಕಲಿಸಿ. ನಮ್ಮ ಘಟಕದಲ್ಲಿ ಟೈಲರಿಂಗ್ ಲೈನ್‌ನಿಂದ ಬಂದ ಪಿಯುಸಿ ಓದಿದ ಹುಡುಗಿ ಈಗ ಪಿಎಫ್ ಚಲನ್ ಚೆನ್ನಾಗಿ ತಯಾರಿಸುತ್ತಾಳೆ. ಸಂಹಿತೆಗಳಂಥ ದೊಡ್ಡ ಬದಲಾವಣೆ ಬಂದಾಗ ತಿಳಿದವರಿಗೆ ಶುಲ್ಕ ಕೊಟ್ಟು ಸಲಹೆ ಕೇಳಿ, ತಪ್ಪಿಲ್ಲ. ಈಗಾಗಲೇ ಎಲ್ಲವನ್ನೂ ಹೊರಗೆ ಕೊಟ್ಟಿರುವವರು ಈ ತಿಂಗಳೇ ಒಂದು ಕೆಲಸ ಮಾಡಲಿ. ಪಿಎಫ್, ಇಎಸ್‌ಐ ಪೋರ್ಟಲ್‌ಗಳಲ್ಲಿ ನಿಮ್ಮ ಕಂಪನಿಯ ಹೆಸರಿನಡಿ ಯಾರ ಮೊಬೈಲ್ ಸಂಖ್ಯೆ ಇದೆ ಎಂದು ನೋಡಲಿ. ಅದು ಕನ್ಸಲ್ಟೆಂಟ್‌ನದಾಗಿದ್ದರೆ, ಅವರೊಂದಿಗೆ ಮನಸ್ತಾಪ ಬಂದ ದಿನ ಓಟಿಪಿ ಹೋಗುವುದು ಅವರ ಜೇಬಿಗೆ.