ಪೇಟೆಯಲ್ಲಿ ಊಟ ಹುಡುಕುವವರಿಗೆ

ಬೆಂಗಳೂರಿನ ಹಳೇ ಪೇಟೆಯಲ್ಲಿ ಎಲ್ಲಿ ತಿಂದರೆ ಚೆನ್ನ ಅಂತ ಯಾರಾದರೂ ಕೇಳಿದರೆ ನಾನು ತಕ್ಷಣ ಹೋಟೆಲಿನ ಹೆಸರು ಹೇಳುವುದಿಲ್ಲ. ಎಷ್ಟು ಹೊತ್ತಿಗೆ ಹೋಗ್ತೀರಿ, ಯಾವ ವಾರ ಹೋಗ್ತೀರಿ ಅಂತ ಕೇಳುತ್ತೇನೆ. ಪೇಟೆಯ ಊಟ ನಡೆಯುವುದು ಅಲ್ಲಿನ ಕೆಲಸದ ಗಡಿಯಾರದ ಮೇಲೆ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿದು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ. ಬೀದಿಗೊಂದು ಕಸುಬು, ಕಸುಬಿಗೊಂದು ಹಸಿವು. ಕೆ.ಆರ್. ಮಾರ್ಕೆಟ್ಟಿನಲ್ಲಿ ಇನ್ನೂ ಕತ್ತಲಿರುವಾಗಲೇ ಹೂವಿನ ಮೂಟೆ ಇಳಿಸುವವರಿಗೆ ಆಗಲೇ ಬಿಸಿ ಇಡ್ಲಿ, ಟೀ ಬೇಕು. ಬಟ್ಟೆ ಅಂಗಡಿ ಹುಡುಗರು ಶಟರ್ ಎತ್ತುವ ಮುಂಚೆ ತಿಂಡಿ ಮುಗಿಸಬೇಕು. ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದ ಸಾಗು ದೋಸೆ ತಿನ್ನಬೇಕೆಂದರೆ ಆ ಹೊತ್ತಿಗೆ, ಆ ಗಡಿಬಿಡಿಯಲ್ಲೇ ಹೋಗಿ. ಕಲ್ಲು ಕಾದಿರುತ್ತದೆ, ಹಿಟ್ಟು ಖಾಲಿಯಾಗುತ್ತಲೇ ಇರುತ್ತದೆ. ಸಂಜೆ ಚಿಕ್ಕಪೇಟೆಯ ಗಲ್ಲಿಗಳಿಗೆ ಬಂದರೆ ಕಚೋರಿ, ಜಿಲೇಬಿ. ರಾಜಸ್ಥಾನದಿಂದ ಬಂದು ನೆಲೆನಿಂತ ವ್ಯಾಪಾರಿಗಳ ಬಾಯಿರುಚಿ ಅದು. ಈಗ ಅದೂ ಪೇಟೆಯದೇ.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಾಂಸದೂಟ ಬಡಿಸುವ ಮಿಲ್ಟ್ರಿ ಹೋಟೆಲ್‌ಗಳು. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲ್ 1908ರಿಂದ ಇದೆ. ಬಿಸಿ ಮುದ್ದೆ, ಮಟನ್ ಸಾರು, ಕಾಲ್ ಸೂಪು, ದೊನ್ನೆಯಲ್ಲಿ ಜೀರಾ ಸಾಂಬ ಅಕ್ಕಿಯ ಬಿರಿಯಾನಿ. ಇಂಥ ಹೋಟೆಲ್‌ಗಳಲ್ಲಿ ಮೇಜಿಗೆ ಮೇಜು ತಾಗಿರುತ್ತದೆ. ಪಕ್ಕದಲ್ಲಿ ಕೂತವರು ಯಾರೆಂದು ಯಾರೂ ನೋಡುವುದಿಲ್ಲ. ಮೂಟೆ ಹೊರುವವನೂ ಅಂಗಡಿ ಯಜಮಾನನೂ ಅದೇ ಸಾರಿಗೆ ಮುದ್ದೆ ಅದ್ದುತ್ತಾರೆ. ಬೆಂಗಳೂರಿನ ಊಟ ಅಂದರೆ ಬರೀ ದೋಸೆ, ಫಿಲ್ಟರ್ ಕಾಫಿ ಅಂತ ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಕೋಪ ಬರುತ್ತದೆ. ಈ ಊರಿನ ಅರ್ಧ ಅಡುಗೆಮನೆಯನ್ನೇ ಅವರು ಬಿಟ್ಟುಬಿಡುತ್ತಾರೆ, ಅಲ್ವಾ?

2017ರಲ್ಲಿ ಚಿಕ್ಕಪೇಟೆಗೆ ಮೆಟ್ರೋ ಬಂತು. ಒಳ್ಳೆಯದೇ ಆಯಿತು, ಪಾರ್ಕಿಂಗ್ ತಲೆನೋವಿಲ್ಲದೆ ಯಾರು ಬೇಕಾದರೂ ಬರಬಹುದು. ಜೊತೆಗೆ ರೀಲ್ಸ್ ನೋಡಿ ಬರುವವರೂ ಜಾಸ್ತಿಯಾದರು. ಬರಲಿ, ತಿನ್ನಲಿ. ನನಗೆ ಬೇಜಾರಿರುವುದು ಕ್ಯೂ ಉದ್ದವಿದ್ದರೆ ಊಟ ಚೆನ್ನ, ಬೋರ್ಡಿನಲ್ಲಿ ಹಳೇ ಇಸವಿ ಇದ್ದರೆ ರುಚಿ ಅಸಲಿ ಅನ್ನುವ ಲೆಕ್ಕದ ಬಗ್ಗೆ. ಹಳೇ ಹೆಸರಿಟ್ಟುಕೊಂಡು ನೀರು ನೀರಾದ ಚಟ್ನಿ ಬಡಿಸುವ ಜಾಗಗಳೂ ಇವೆ. ದಿನಾ ತಿನ್ನುವ ಗಿರಾಕಿ ಇರುವಲ್ಲಿ ಹಾಗೆ ಮಾಡಲಾಗುವುದಿಲ್ಲ. ಸಾರು ಕೆಟ್ಟರೆ ಆತ ಅಲ್ಲೇ ಬೈಯುತ್ತಾನೆ, ನಾಳೆ ಎದುರು ಹೋಟೆಲಿಗೆ ಹೋಗುತ್ತಾನೆ. ಒಂದೇ ಸಲ ಬಂದು ಫೋಟೋ ತೆಗೆದು ಹೋಗುವವರಿಂದ ಆ ಹೆದರಿಕೆ ಇಲ್ಲ.

ಅದಕ್ಕೇ ಕಸುಬು ಪೇಟೆ ಬಿಟ್ಟು ಹೋಗುವುದು ನನಗೆ ದೊಡ್ಡ ಚಿಂತೆ. ತರಗುಪೇಟೆಯ ಧಾನ್ಯ ವ್ಯಾಪಾರದ ಎಷ್ಟೋ ಭಾಗ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಯಿತು. ಕಾಟನ್‌ಪೇಟೆ ಮುಖ್ಯರಸ್ತೆಯನ್ನು ಫುಟ್‌ಪಾತ್, ಪೈಪು, ಕೇಬಲ್ ಎಲ್ಲ ಹೊಸದಾಗಿ ಮಾಡುವ ಟೆಂಡರ್‌ಶ್ಯೂರ್ ಕೆಲಸಕ್ಕೆ ಅಗೆದು ವರ್ಷಗಟ್ಟಲೆ ಎಳೆದಾಗ ಗಿರಾಕಿಗಳು ಆ ಕಡೆ ತಲೆಹಾಕಲಿಲ್ಲ. ರಸ್ತೆ ಅಗೆಯುವಾಗ ಅಂಗಡಿಗಳ ನಷ್ಟದ ಮಾತಾದರೂ ಬರುತ್ತದೆ. ಆ ಅಂಗಡಿಗಳ ಕೆಲಸಗಾರರನ್ನೇ ನಂಬಿದ ಸಣ್ಣ ಹೋಟೆಲಿನವನನ್ನು ಯಾರು ಕೇಳುತ್ತಾರೆ? ಬೀದಿ ಚಂದ ಮಾಡುವ ಯೋಜನೆ ಹಾಕುವವರು ಮೊದಲು ಅಲ್ಲಿ ಮಧ್ಯಾಹ್ನ ಯಾರು ಯಾರು ಎಲ್ಲಿ ಉಣ್ಣುತ್ತಾರೆ ಅಂತ ನೋಡಲಿ.

ನೀವು ಹೋಗುವುದಾದರೆ ಭಾನುವಾರ ಬೇಡ, ಸಗಟು ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ವಾರದ ನಡುವೆ ಒಂದು ದಿನ ಹೋಗಿ. ಎಲ್ಲಿ ತಿನ್ನಲಿ ಅಂತ ಫೋನಿನಲ್ಲಿ ಹುಡುಕಬೇಡಿ, ಕೈಗಾಡಿ ತಳ್ಳುವವರನ್ನು ಕೇಳಿ. ಊಟ ಆದಮೇಲೆ ಸುಮ್ನೆ ವಾಪಸ್ ಬರಬೇಡಿ. ಮನೆಗೆ ಬೇಕಾದ ಸೀರೆಯೋ, ಸ್ಟೀಲ್ ಡಬ್ಬಿಯೋ, ಒಂದು ವೈರೋ ಬಲ್ಬೋ ಅಲ್ಲೇ ಕೊಂಡು ಬನ್ನಿ.